ದೊರೆಸಾನಿಯ ಊಟ

ಚಿಪ್ಪುಹಂದಿ ಜಾಗೃತಿ ದಿನಕ್ಕೆ ಇನ್ನು ಎರಡೇ ದಿನ ಇದೆ ಎನ್ನುವಾಗ ನಮ್ಮ ಪ್ರಾಣಿವೈದ್ಯೆ ಡಾಕ್ಟರಮ್ಮ ನನ್ನನ್ನು ಕರೆದು ಒಂದು ಕಾಗದ ತೋರಿಸಿದರು. ನಮ್ಮ ಮೃಗಾಲಯದ ಹೆಣ್ಣು ಚಿಪ್ಪುಹಂದಿಯನ್ನು ಬರುವ ಸೋಮವಾರ ಬೇರೊಂದು ಮೃಗಾಲಯಕ್ಕೆ ಕಳಿಸುವುದು, ಹತ್ತು ಗಂಟೆಯ ದಾರಿ, ಮರದ ಪೆಟ್ಟಿಗೆ ತಯಾರಿದೆ ಎಂದು ಅದರಲ್ಲಿತ್ತು. ಕಾರಣ ಎಂದು ಬರೆದ ಜಾಗದಲ್ಲಿ ನನ್ನ ಮಂಡಿ ಇತ್ತು.

ಹೌದು, ನನ್ನದೇ ಮಂಡಿ, ಬಲಗಾಲಿನದು. ಎರಡು ವರ್ಷದಿಂದ ಅದು ಎದ್ದರೂ ಕಟಕಟ, ಕೂತರೂ ಕಟಕಟ. ಮಂಗಳವಾರ ಆಪರೇಷನ್, ಆಮೇಲೆ ಮೂರು ತಿಂಗಳು ಕೆಲಸಕ್ಕೆ ಬರುವಂತಿಲ್ಲ. ಆ ಮೂರು ತಿಂಗಳು ದೊರೆಸಾನಿಗೆ ಊಟ ಕೊಡುವವರು ಯಾರು? ದೊರೆಸಾನಿ ಎಂದರೆ ನಮ್ಮ ಚಿಪ್ಪುಹಂದಿ. ಅವಳು ನನ್ನ ಕೈಯಲ್ಲಿ ಬಿಟ್ಟು ಬೇರೆ ಯಾರ ಕೈಯಲ್ಲೂ ತಿನ್ನುವುದಿಲ್ಲ. ಹನ್ನೊಂದು ವರ್ಷದಿಂದ ಈ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದವಳು ನಾನೇ.

"ಪೆಟ್ಟಿಗೇಲಿ ಹತ್ತು ಗಂಟೆ ಕೂತ್ರೆ ಅವಳು ಉಳೀತಾಳಾ ಡಾಕ್ಟ್ರೇ?" ಎಂದು ಕೇಳಿದೆ.

"ಗೊತ್ತಿಲ್ಲ. ಇಲ್ಲೇ ಇದ್ದು ಉಪವಾಸ ಬಿದ್ರೆ ಮಾತ್ರ ಉಳಿಯಲ್ಲ, ಅದು ಗೊತ್ತು" ಎಂದರು ಡಾಕ್ಟರಮ್ಮ. ಅವರಿಗೆ ನನ್ನ ಅರ್ಧ ವಯಸ್ಸು, ಆದರೆ ಮಾತು ಮಾತ್ರ ಕತ್ತರಿ ಇದ್ದ ಹಾಗೆ.

ನಾನು ಆಗಲೇ ಮನಸ್ಸಿನಲ್ಲಿ ಒಂದು ತೀರ್ಮಾನಕ್ಕೆ ಬಂದುಬಿಟ್ಟೆ. ಆಪರೇಷನ್ನೂ ಬೇಡ, ಗೀಪರೇಷನ್ನೂ ಬೇಡ. ಮಂಡಿ ನನ್ನದು, ನೋವೂ ನನ್ನದು. ಶನಿವಾರದ ಕಾರ್ಯಕ್ರಮದಲ್ಲಿ, ಎಲ್ಲರೆದುರಿಗೇ ಅದನ್ನು ಹೇಳಿಬಿಡುವುದು. ನಿರ್ದೇಶಕರು ಜನರ ಮುಂದೆ ಇಲ್ಲ ಅನ್ನಲಾರರು. ಈ ಉಪಾಯಕ್ಕೆ ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ನನಗೆ ಜಂಬ ಜಾಸ್ತಿ ಎನ್ನುವವರಿದ್ದಾರೆ. ಇದೆ, ಇಲ್ಲ ಎನ್ನುವುದಿಲ್ಲ. ಇಪ್ಪತ್ತಾರು ವರ್ಷ ಪ್ರಾಣಿಗಳ ಸಗಣಿ ಬಾಚಿದವಳಿಗೆ ಅಷ್ಟಾದರೂ ಇರಬೇಡವೇ? ಆನೆ ಒಂದನ್ನು ಬಿಟ್ಟು ಎಲ್ಲ ವಿಭಾಗದಲ್ಲೂ ದುಡಿದಿದ್ದೇನೆ. ಮೊಸಳೆ ನನ್ನ ಬೂಟು ತಿಂದಿದೆ, ಕೋತಿ ನನ್ನ ಕನ್ನಡಕ ಹಾಕಿಕೊಂಡು ಒಂದು ವಾರ ತಿರುಗಿದೆ. ಆದರೆ ನನ್ನ ಹೆಸರು ನಿಂತಿದ್ದು ಇರುಳು ಮನೆಯಲ್ಲಿ.

ಇರುಳು ಮನೆ ಎಂದರೆ ಹಗಲು ಮಲಗಿ ರಾತ್ರಿ ಓಡಾಡುವ ಪ್ರಾಣಿಗಳ ಕಟ್ಟಡ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿ ದೀಪ ಆರಿಸಿ ಮಂದವಾದ ಕೆಂಪು ದೀಪ ಹಾಕುತ್ತೇವೆ, ಸಂಜೆ ಜನ ಹೋದಮೇಲೆ ಜೋರು ದೀಪ. ಹಾಗಾಗಿ ಒಳಗಿರುವವರಿಗೆ ನಮ್ಮ ಹಗಲೇ ರಾತ್ರಿ. ಹನ್ನೊಂದು ವರ್ಷದ ಹಿಂದೆ ಕಳ್ಳಸಾಗಣೆಯವರ ಗೋಣಿಚೀಲದಿಂದ ಬಿಡಿಸಿಕೊಂಡು ಬಂದ ದೊರೆಸಾನಿಯನ್ನು ಅಲ್ಲಿಗೆ ತಂದರು. ಬೆನ್ನ ಮೇಲೆ ನಾಲ್ಕು ಚಿಪ್ಪು ಕಿತ್ತುಹೋಗಿತ್ತು. ಉಂಡೆಯಾಗಿ ಸುತ್ತಿಕೊಂಡು ಮೂಲೆ ಸೇರಿದವಳು ಒಂಬತ್ತು ದಿನ ಏನೂ ತಿನ್ನಲಿಲ್ಲ.

ಚಿಪ್ಪುಹಂದಿಗೆ ಕಣ್ಣು ಅಷ್ಟಕ್ಕಷ್ಟೇ, ಎಲ್ಲವೂ ಮೂಗಿನ ಮೇಲೆ ನಡೆಯುತ್ತದೆ. ಅದಕ್ಕೇ ನಾನು ಆ ಒಂಬತ್ತು ದಿನವೂ ಒಂದೇ ಅಂಗಿ ಹಾಕಿಕೊಂಡು, ಒಗೆಯದೆ, ಅವಳಿಂದ ನಾಲ್ಕಡಿ ದೂರ ಕೂತೆ. ನನ್ನ ವಾಸನೆ ಅಭ್ಯಾಸವಾಗಲಿ ಎಂದು. ಅಂಗಿಯ ನಾತಕ್ಕೆ ನನ್ನ ಗಂಡ ಊಟದ ತಟ್ಟೆ ಎತ್ತಿಕೊಂಡು ಬೇರೆ ಕೋಣೆಗೆ ಹೋಗುತ್ತಿದ್ದರು. ಹತ್ತನೆಯ ದಿನ ದೊರೆಸಾನಿ ಉಂಡೆ ಬಿಚ್ಚಿದಳು. ಹಿಂಗಾಲ ಮೇಲೆ ನಡೆದುಬಂದು, ಮುಂಗಾಲುಗಳನ್ನು ಎದೆಗೆ ಮಡಚಿಕೊಂಡು, ನಾನು ಹಿಡಿದಿದ್ದ ಬೋಗುಣಿಯೊಳಗೆ ಮೊಳದುದ್ದದ ನಾಲಗೆ ಇಳಿಸಿದಳು. ನಾನು ಅತ್ತುಬಿಟ್ಟೆ. ಆಗಿನ ಡಾಕ್ಟರು "ನಿಮ್ಮ ಕೈಗುಣ" ಎಂದರು. ಅವತ್ತಿನಿಂದ ಕೈಗುಣ ಎನ್ನುವುದು ನನ್ನ ಪಾಲಿಗೆ ಬಿರುದಾಯಿತು. ಆ ಬಿರುದಿಗಾಗಿ ಒಂದು ದಿನವೂ ರಜೆ ಹಾಕದೆ ನಾನೇ ಉಣಿಸುತ್ತಾ ಬಂದೆ.

ಆ ಊಟ ತಯಾರಾಗುತ್ತಿದ್ದುದು ಮೃಗಾಲಯದ ಅಡುಗೆ ಕೋಣೆಯಲ್ಲಿ, ನನ್ನ ವಾರಗಿತ್ತಿಯ ಕೈಯಲ್ಲಿ. ನನ್ನ ಮೈದುನನ ಹೆಂಡತಿ ಅವಳು. ದೊರೆಸಾನಿ ಬಂದ ವಾರವೇ ಕೆಲಸಕ್ಕೆ ಸೇರಿದಳು. ಸೇರಿಸಿದ್ದೂ ನಾನೇ, ಅದನ್ನೂ ಆಗಾಗ ನೆನಪಿಸುತ್ತಿದ್ದೆ ಎನ್ನಿ. ಮನೆಯಲ್ಲಿ ನಾವು ಕೆಳಗೆ, ಅವರು ಮೇಲೆ. ನಾನು ದಿನಕ್ಕೆ ಹತ್ತು ಸಾವಿರ ಮಾತಾಡಿದರೆ ಅವಳು ಹತ್ತು. ಅದರಲ್ಲಿ ಎಂಟು "ಸರಿ ಅಕ್ಕ".

ಗೋಡೆಯ ಮೇಲಿನ ಪಟ್ಟಿಯಲ್ಲಿ ಡಾಕ್ಟರು ಬರೆದಷ್ಟನ್ನೇ ಅಡುಗೆಯವರು ಹಾಕಬೇಕು. ಇರುವೆ ಮೊಟ್ಟೆ ಇಷ್ಟು, ಒಣಗಿಸಿದ ಹುಳುವಿನ ಪುಡಿ ಇಷ್ಟು, ಬೇಯಿಸಿದ ಮೊಟ್ಟೆಯ ಹಳದಿ ಇಷ್ಟು. ಇನ್ನೊಂದು ಕಾನೂನು, ಅಡುಗೆಯವರು ಪ್ರಾಣಿಯ ಬಳಿ ಹೋಗುವಂತಿಲ್ಲ, ನಾವು ಅಡುಗೆ ಕೋಣೆಗೆ ಕಾಲಿಡುವಂತಿಲ್ಲ. ರೋಗ ಹರಡಬಾರದಲ್ಲ. ಹನ್ನೊಂದು ಗಂಟೆಗೆ ಅವಳು ಇರುಳು ಮನೆಯ ಹಿಂಬಾಗಿಲ ಕಿಂಡಿಯಲ್ಲಿ ಬೋಗುಣಿ ಇಟ್ಟು ಗಂಟೆ ಒತ್ತಿ ಹೋಗುತ್ತಿದ್ದಳು. ನಾನು ಎತ್ತಿಕೊಳ್ಳುತ್ತಿದ್ದೆ. ಅವಳಿಗೆ ರಜೆ ಬೇಕಾದಾಗ ಅಷ್ಟೂ ದಿನದ ಊಟವನ್ನು ಮೊದಲೇ ಕಲಸಿ, ಡಬ್ಬಿ ಡಬ್ಬಿಯಾಗಿ ಫ್ರೀಜರಿನಲ್ಲಿಟ್ಟು ಹೋಗುತ್ತಿದ್ದಳು. ಅಚ್ಚುಕಟ್ಟು ಎಂದರೆ ಅವಳದು.

ಈಗ ಪರೀಕ್ಷೆಯ ಕಥೆ ಹೇಳಬೇಕು. ಆಪರೇಷನ್ ದಿನ ಗೊತ್ತಾದಮೇಲೆ ಡಾಕ್ಟರಮ್ಮ ಕರಡಿ ವಿಭಾಗದವನನ್ನು ನನ್ನ ಜಾಗಕ್ಕೆ ಆರಿಸಿದರು. ಅವನನ್ನು ನಾವು ಕರಡಿಯಣ್ಣ ಎನ್ನುತ್ತೇವೆ. ಬಾಗಿಲ ತುಂಬ ಇರುವ ಮನುಷ್ಯ, ಕರಡಿಯೇ ಅವನನ್ನು ಕಂಡರೆ ದಾರಿ ಬಿಡಬೇಕು, ಆದರೆ ಸ್ವಭಾವ ಬೆಣ್ಣೆ. ನಮ್ಮಲ್ಲಿ ಈಚೆಗೆ ಒಂದು ಪದ್ಧತಿ ಬಂದಿದೆ. ಹೊಸ ಪ್ರಾಣಿಗೆ ಮೊದಲ ಸಲ ಊಟ ಕೊಡುವವರು ಆ ಊಟವನ್ನು ತಾವೇ ಕೈಯಾರೆ ಕಲಸಬೇಕು. ಊಟದ ವಾಸನೆಯೊಳಗೆ ತಮ್ಮ ವಾಸನೆ ಬೆರೆಯಲಿ ಎಂದು. ನಾನು ಪಟ್ಟಾಗಿ ಕೂತು, ಅಡುಗೆ ಕೋಣೆಯಿಂದ ಸಾಮಾನು ಬೇರೆ ಬೇರೆಯಾಗಿ ತರಿಸಿ, ಪಟ್ಟಿ ನೋಡಿಕೊಂಡು ಅವನಿಂದಲೇ ಕಲಸಿಸಿದೆ. ಒಂದು ಚಮಚ ಹೆಚ್ಚಿಲ್ಲ, ಒಂದು ಚಮಚ ಕಮ್ಮಿಯಿಲ್ಲ.

ದೊರೆಸಾನಿ ಬಂದಳು, ಮೂಸಿದಳು, ಉಂಡೆಯಾದಳು. ಮೂರು ಸಲ ಪ್ರಯತ್ನಿಸಿದೆವು. ಮೂರನೆಯ ಸಲ ಎರಡು ದಿನ ಹಟ ಹಿಡಿದು ಉಪವಾಸ ಮಲಗಿ ಮುನ್ನೂರು ಗ್ರಾಂ ಇಳಿದಳು. ಆಮೇಲೆ ಕಿಂಡಿಯಲ್ಲಿ ಬಂದ ಬೋಗುಣಿಯನ್ನು ನಾನು ಹಿಡಿದೆ, ಐದು ನಿಮಿಷದಲ್ಲಿ ನೆಕ್ಕಿ ಮುಗಿಸಿದಳು. ಕರಡಿಯಣ್ಣ ಮುಖ ಸಣ್ಣ ಮಾಡಿಕೊಂಡು ಹೋದ. ನನಗೆ ಅವಳ ಬಗ್ಗೆ ಹೆದರಿಕೆಯಾಯಿತು, ನಿಜ. ಅದರ ಜೊತೆಗೇ ಒಳಗೊಳಗೆ ಖುಷಿಯೂ ಆಯಿತು. ಆ ಖುಷಿಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಶನಿವಾರ ಬಂತು. ಬಾಗಿಲಿನಿಂದ ಇರುಳು ಮನೆಯವರೆಗೆ ದಾರಿಯುದ್ದಕ್ಕೂ ಕಾಗದದ ಚಿಪ್ಪುಗಳನ್ನು ತೂಗುಹಾಕಿದ್ದರು. ಮಕ್ಕಳು ಒಂದೊಂದರ ಮೇಲೂ ತಮಗೆ ತೋಚಿದ್ದು ಬರೆದಿದ್ದರು. "ಚಿಪ್ಪು ಅದರದು, ನಮ್ಮದಲ್ಲ" ಎಂದು ಒಬ್ಬರು, "ನಾನು ಗೆದ್ದಲು ತಿನ್ನಲ್ಲ, ನೀನೇ ತಿನ್ನು" ಎಂದು ಇನ್ನೊಬ್ಬರು. ನಿರ್ದೇಶಕರು ಹೊಸ ಬೂಟು ಹಾಕಿಕೊಂಡು ಕುಂಟುತ್ತಿದ್ದರು. ಹೊರಗಿನ ಪಡಸಾಲೆಯಲ್ಲಿ ನಾನು ಮೊದಲ ಭಾಷಣ ಬಿಗಿದೆ.

"ಎಲ್ಲರೂ ಒಂದ್ಸಲ ನಿಮ್ಮ ಉಗುರು ನೋಡ್ಕೊಳ್ಳಿ" ಎಂದೆ. "ಚಿಪ್ಪುಹಂದಿ ಚಿಪ್ಪು ಇದೆಯಲ್ಲ, ಅದೂ ಇದೇ ಪದಾರ್ಥ. ಇದನ್ನ ಔಷಧಿ ಅಂತ ನಂಬಿ ಜನ ಅದನ್ನ ಕೊಲ್ತಾರೆ. ಅಂಥ ಔಷಧಿ ಬೇಕೇ ಬೇಕು ಅನ್ನೋರು ಮನೇಲಿ ಕೂತ್ಕೊಂಡು ಅವರ ಉಗುರು ಅವರೇ ಕಚ್ಕೊಳ್ಳಲಿ, ಪಾಪ ಅದರ ತಂಟೆಗೆ ಬರೋದು ಬೇಡ!"

ಜನ ನಕ್ಕರು. ಮಕ್ಕಳು ಉಗುರು ಕಚ್ಚಿ ನೋಡಿದರು. ಹಲ್ಲೇ ಇಲ್ಲದ ಪ್ರಾಣಿ ಅದು, ಹೆದರಿದರೆ ಸುತ್ತಿಕೊಳ್ಳುವುದೊಂದೇ ಅದಕ್ಕೆ ಗೊತ್ತು, ಹುಲಿಯ ಎದುರು ಸಾಕಾಗುವ ಆ ವಿದ್ಯೆ ಮನುಷ್ಯನ ಎದುರು ಸಾಕಾಗುವುದಿಲ್ಲ, ಅವನು ಉಂಡೆಯನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ ಎಂದು ಹೇಳಿದೆ. ಆಗ ಯಾರೂ ನಗಲಿಲ್ಲ.

ಹನ್ನೊಂದಕ್ಕೆ ನಲವತ್ತು ಜನ ಗಾಜಿನಾಚೆ ನಿಂತರು. ಒಳಗೆ ಕೆಂಪು ದೀಪದಲ್ಲಿ ನಾನು ಊಟ ಕೊಡುತ್ತಾ ಮಾತಾಡಬೇಕು, ಮಾತು ಆಚೆಯ ಸ್ಪೀಕರಿನಲ್ಲಿ ಕೇಳಬೇಕು. ಅಂಗಿಗೆ ಸಿಕ್ಕಿಸುವ ಮೈಕು ಸರಿಯಾಗಿ ಆ ಗಳಿಗೆಗೇ ಕೆಟ್ಟಿತು. ಕೈಯಲ್ಲಿ ಹಿಡಿಯುವ ಮೈಕು ಕೊಟ್ಟರು. ಒಂದು ಕೈಗೆ ಮೈಕು ಬಂದರೆ ಬೋಗುಣಿ ಹಿಡಿಯುವುದು ಹೇಗೆ? ಅದನ್ನು ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿಯದಿದ್ದರೆ ದೊರೆಸಾನಿ ಉಗುರು ಹಾಕಿ ಮಗುಚಿಬಿಡುತ್ತಾಳೆ. ಕರಡಿಯಣ್ಣ ಹೊರಗೆ ಸಾಲು ನೋಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಕಿಂಡಿಯ ಗಂಟೆ ಕೇಳಿಸಿತು. ವಾರಗಿತ್ತಿ ಬೋಗುಣಿ ತಂದಿದ್ದಳು.

"ಒಳಗೆ ಬಾ" ಎಂದೆ.

"ಅಕ್ಕ, ನಾವು ಬರೋ ಹಾಗಿಲ್ವಲ್ಲ."

"ಡಾಕ್ಟ್ರು ಗಾಜಿನಾಚೆ ನಿಂತಿದ್ದಾರೆ, ನಾನು ಹೇಳ್ತೀನಿ. ಚಪ್ಪಲಿ ಬಿಟ್ಟು ಆ ಬೂಟು ಹಾಕ್ಕೋ, ಔಷಧಿ ನೀರಲ್ಲಿ ಅದ್ದು. ಸುಮ್ನೆ ಬೋಗುಣಿ ಹಿಡ್ಕೊಂಡು ಮೂಲೇಲಿ ನಿಂತ್ಕೋ. ನಾನು ಮಾತು ಮುಗಿಸಿ ಮೈಕು ಕೆಳಗಿಟ್ಟ ಮೇಲೆ ನನ್ನ ಕೈಗೆ ಕೊಡು. ಅವಳು ನಿನ್ನ ಹತ್ರ ಬರಲ್ಲ, ಹೆದರ್ಬೇಡ."

ಅವಳು ಬೂಟು ಅದ್ದಿಕೊಂಡು ಬಂದು ಮೂಲೆಗೆ ಅಂಟಿ ನಿಂತಳು. ನಾನು ಗಾಜಿನ ಕಡೆ ತಿರುಗಿ ಮಾತು ಶುರು ಮಾಡಿದೆ. ಒಂಬತ್ತು ದಿನದ ಉಪವಾಸ, ಒಗೆಯದ ಅಂಗಿ, ಹತ್ತನೆಯ ದಿನ, ಎಲ್ಲ ಬಂತು. ಈ ಕಥೆಯನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂದು ಗೊತ್ತು. ಕಥೆಯ ಕೊನೆಗೆ, ಇವಳಿಗಾಗಿ ನಾನು ಆಪರೇಷನ್ ಬಿಟ್ಟುಬಿಡುತ್ತಿದ್ದೇನೆ ಎಂಬ ಬಾಂಬು ಹಾಕಬೇಕು.

"ಆವತ್ತಿಂದ ಈವತ್ತಿನವರೆಗೆ" ಎಂದೆ, "ನನ್ನ ಕೈ ಬಿಟ್ಟು ಇನ್ನೊಬ್ಬರ ಕೈಯಲ್ಲಿ ಅವಳು..."

ಗಾಜಿನಾಚೆಯ ಮುಖಗಳು ಯಾವುವೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ತಿರುಗಿದೆ.

ದೊರೆಸಾನಿ ಗೂಡಿನಿಂದ ಹೊರಬಂದಿದ್ದಳು. ಮೂಗೆತ್ತಿ ಗಾಳಿ ಹಿಡಿದು, ಹಿಂಗಾಲ ಮೇಲೆ ತೂರಾಡುತ್ತಾ, ನನ್ನ ಕಾಲಿನ ಪಕ್ಕದಿಂದಲೇ ಹಾದು ನೆಟ್ಟಗೆ ವಾರಗಿತ್ತಿಯ ಹತ್ತಿರ ಹೋದಳು. ಬೋಗುಣಿಯ ಅಂಚಿಗೆ ಉಗುರು ಹಾಕಿ ಕೆಳಗೆಳೆದುಕೊಂಡು ತಿನ್ನತೊಡಗಿದಳು. ವಾರಗಿತ್ತಿ ನೆಲಕ್ಕೆ ಕುಕ್ಕರಿಸಿದಳು. ಅವಳ ಕಣ್ಣು ಬೋಗುಣಿಯಷ್ಟೇ ಅಗಲವಾಗಿತ್ತು.

ಹನ್ನೊಂದು ವರ್ಷದ ಬಿರುದು ಹನ್ನೊಂದು ಹೆಜ್ಜೆಯಲ್ಲಿ ಹೋಯಿತು. ಮೊದಲು ಬಂದದ್ದು ಸಿಟ್ಟು. ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು. ಆಮೇಲೆ ತಲೆ ಕೆಲಸ ಮಾಡಿತು. ಕೈಗವಸು ಹಾಕಿಯೇ ಕಲಸುವ ವಾರಗಿತ್ತಿಯ ವಾಸನೆ ದೊರೆಸಾನಿಗೆ ಗೊತ್ತೇ ಇಲ್ಲ. ಇವಳು ಒಂದು ದಿನವೂ ಒಳಗೆ ಬಂದವಳಲ್ಲ. ಹಾಗಾದರೆ ಅವಳು ಬಂದದ್ದು ಕೈಗಲ್ಲ, ಊಟಕ್ಕೆ. ಹಾಗಾದರೆ ಕರಡಿಯಣ್ಣ ಕಲಸಿದ ಊಟದಲ್ಲಿ ಏನೋ ಇರಲಿಲ್ಲ.

ನಾನು ಅವಳ ಪಕ್ಕಕ್ಕೆ ಬಗ್ಗಿ ಪಿಸುಗುಟ್ಟಿದೆ. "ಏನೇ, ಇದಕ್ಕೆ ಏನು ಹಾಕಿದ್ದೀಯಾ?"

ಪಿಸುಗುಟ್ಟಿದೆ ಎಂದು ನಾನು ಅಂದುಕೊಂಡಿದ್ದು. ಮೈಕು ಕೈಯಲ್ಲೇ ಇತ್ತು. "ಏನು ಹಾಕಿದ್ದೀಯಾ" ಎಂಬುದು ಗಾಜಿನಾಚೆ ನಲವತ್ತು ಜನಕ್ಕೂ ಗುಡುಗಿನಂತೆ ಕೇಳಿಸಿತು. ಡಾಕ್ಟರಮ್ಮ ಗಾಜಿಗೆ ಮೂಗು ತಾಗಿಸಿ ನಿಂತರು.

ವಾರಗಿತ್ತಿ ಗಾಜಿನ ಕಡೆ ನೋಡಿದಳು. "ಪಟ್ಟೀಲಿ ಇರೋದೇ ಅಕ್ಕ" ಎಂದಳು. ಬೋಗುಣಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದು, "ಮತ್ತೆ ಒಂದು ಹಿಡಿ ಮಣ್ಣು" ಎಂದಳು.

"ಮಣ್ಣಾ?"

"ಅಡುಗೆ ಕೋಣೆ ಹಿಂದೆ ಹುತ್ತ ಇದೆಯಲ್ಲ, ಅದರ ಮಣ್ಣು. ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು, ಆರಿಸಿ ಡಬ್ಬಿಗೆ ಹಾಕಿಟ್ಕೊಂಡಿರ್ತೀನಿ. ನಾನು ಸೇರಿದ ವಾರ ದಿನಾ ಬೋಗುಣಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರ್ತಿತ್ತಲ್ಲ, ಹೊಟ್ಟೆ ಚುರುಕ್ ಅಂತಿತ್ತು. ಕಾಡಲ್ಲಿ ಹುತ್ತ ಬಗೆದು ತಿನ್ನೋದು, ಮಣ್ಣಿಲ್ದೆ ತಿಂದಿರುತ್ತಾ ಅಂತ ಅನ್ನಿಸ್ತು. ಹತ್ತನೇ ದಿನ ಒಂದು ಹಿಡಿ ಹಾಕಿದೆ. ಆವತ್ತು ಬೋಗುಣಿ ಖಾಲಿಯಾಗಿ ಬಂತು. ಆಮೇಲಿಂದ ಹಾಕ್ತಾನೇ ಇದೀನಿ."

ಕೆಂಪು ದೀಪದಲ್ಲಿ ಏನು ಕಲಸಿದರೂ ಒಂದೇ ಬಣ್ಣ. ಹಿಕ್ಕೆಯಲ್ಲಿ ಮಣ್ಣು ಕಂಡರೆ ನೆಲದ್ದು ಎಂದುಕೊಳ್ಳುತ್ತಿದ್ದೆವು. ಆದರೂ ನನಗೆ ತಡೆಯಲಾಗಲಿಲ್ಲ.

"ಕರಡಿಯಣ್ಣ ಕೊಟ್ಟಾಗ ಅವಳು ಮೂರು ಸಲ ಉಪವಾಸ ಬಿದ್ಲಲ್ಲೇ, ಆಗಾದ್ರೂ ಬಾಯಿ ಬಿಡೋದಲ್ವಾ?"

"ಪಟ್ಟೀಲಿ ಇಲ್ದಿರೋದು ಹಾಕಿದೆ ಅಂದ್ರೆ ಕೆಲಸದಿಂದ ತೆಗೀತಾರೇನೋ ಅಂತ ಭಯ ಇತ್ತು, ಅದು ನಿಜ" ಎಂದಳು. "ಆದ್ರೆ ಅದಕ್ಕಲ್ಲ ಅಕ್ಕ. ಮಣ್ಣಿಂದ ಅಂತ ನನಗೂ ಹೊಳೀಲಿಲ್ಲ. ಹತ್ತನೇ ದಿನ ನೀವು ಅಳ್ತಾ ಬಂದು, ನನ್ನ ಕೈಯಲ್ಲಿ ತಿಂದ್ಲು ಅಂದ್ರಿ. ನಾನೂ ನಿಮ್ಮ ಕೈಗುಣ ಅಂತಾನೇ ನಂಬ್ಬಿಟ್ಟೆ."

ಈ ಮಾತು ನನಗೆ ತಾಗಿದಷ್ಟು ಇನ್ನಾವುದೂ ತಾಗಲಿಲ್ಲ. ನನ್ನ ಬಡಾಯಿಯ ದನಿ ಎಷ್ಟು ದೊಡ್ಡದಿತ್ತೆಂದರೆ, ನಿಜವಾಗಿ ಕೆಲಸ ಮಾಡಿದವಳಿಗೇ ತಾನು ಮಾಡಿದ್ದು ಗೊತ್ತಾಗದೆ ಹೋಗಿತ್ತು. ಅದಕ್ಕಾಗಿ ಒಂದು ಜೀವ ಸೋಮವಾರ ಪೆಟ್ಟಿಗೆ ಏರುವುದರಲ್ಲಿತ್ತು.

ಗಾಜಿನಾಚೆ ಗುಸುಗುಸು ಎದ್ದಿತು. ಮುಂದೆ ನಿಂತಿದ್ದ ಒಂದು ಪುಟ್ಟ ಹುಡುಗಿ, ಗಾಜಿನ ಕೆಳಗಿನ ತೂತಿಗೆ ಬಾಯಿಟ್ಟು, ಇಡೀ ಮೃಗಾಲಯಕ್ಕೆ ಕೇಳುವ ಹಾಗೆ ಕೂಗಿದಳು. "ಆಂಟಿ, ಊಟ ಅವ್ರು ಮಾಡಿದ್ರೆ, ನೀವೇನು ಮಾಡ್ತಿದ್ರಿ?"

ನಿರ್ದೇಶಕರು ಕಣ್ಣು ಮುಚ್ಚಿಕೊಂಡರು. ನನಗೆ ಎರಡು ದಾರಿ ಇತ್ತು. ಮಾತು ತೇಲಿಸಬಹುದಿತ್ತು, ಅದರಲ್ಲಿ ನಾನು ಪಳಗಿದವಳು. ಮೈಕನ್ನು ಬಾಯಿಗೆ ಹತ್ತಿರ ಹಿಡಿದೆ.

"ನಾನಾ? ನಾನು ಹನ್ನೊಂದು ವರ್ಷ ಬೋಗುಣಿ ಹಿಡ್ಕೊಂಡಿದ್ದೆ ಪುಟ್ಟಿ. ಚೆನ್ನಾಗಿ ಹಿಡ್ಕೊಂಡಿದ್ದೆ, ಒಂದು ದಿನಾನೂ ಬೀಳಿಸಿಲ್ಲ. ದೊರೆಸಾನೀನ ಬದುಕಿಸಿದ್ದು ಮಾತ್ರ ಇಗೋ ಇಲ್ಲಿ ಕೂತಿದ್ದಾಳಲ್ಲ, ಇವಳು. ನನ್ನ ವಾರಗಿತ್ತಿ. ಎಲ್ಲರೂ ಒಂದ್ಸಲ ನೋಡ್ಕೊಳ್ಳಿ. ಚಪ್ಪಾಳೆ ಆಮೇಲೆ ಹೊರಗಡೆ ಹೊಡೀರಿ, ಈಗ ಬೇಡ, ದೊರೆಸಾನಿ ಊಟ ಮಾಡ್ತಿದ್ದಾಳೆ."

ನಲವತ್ತು ಜನ ಸದ್ದಿಲ್ಲದೆ ಗಾಳಿಯಲ್ಲಿ ಕೈ ಆಡಿಸಿದರು. ಹಾಕಬೇಕೆಂದಿದ್ದ ಬಾಂಬು ನನ್ನ ಜೇಬಿನಲ್ಲೇ ಉಳಿಯಿತು. ವಾರಗಿತ್ತಿ ತಲೆ ತಗ್ಗಿಸಿ ದೊರೆಸಾನಿಯ ನಾಲಗೆಯನ್ನೇ ನೋಡುತ್ತಿದ್ದಳು.

ಮಧ್ಯಾಹ್ನ ಡಾಕ್ಟರಮ್ಮ ಅಡುಗೆ ಕೋಣೆಗೆ ಬಂದರು, ನಾನು ಹೊಸ್ತಿಲಾಚೆಯೇ ನಿಂತೆ. ವಾರಗಿತ್ತಿ ಬೈಗುಳಕ್ಕೆ ತಯಾರಾಗಿ ಗೋಡೆಗೆ ಒರಗಿ ನಿಂತಿದ್ದಳು. ಬೈಗುಳ ಬಂತು. ಕೇಳದೆ ಹೊಸದು ಹಾಕಬಾರದು, ಹುರಿದ ಮಣ್ಣಾದರೂ ಸರಿ, ಪರೀಕ್ಷೆ ಆಗಬೇಕು ಎಂದು ಐದು ನಿಮಿಷ. ಆಮೇಲೆ ಅವರೇ, ಹಲ್ಲಿಲ್ಲದ ಪ್ರಾಣಿಯ ಹೊಟ್ಟೆಯಲ್ಲಿ ಹುಳು ಅರೆಯುವುದಕ್ಕೆ ಮಣ್ಣು ಮರಳು ಬೇಕಾಗುತ್ತದೆ, ಇದು ನನಗೆ ಹೊಳೆಯಬೇಕಿತ್ತು ಎಂದರು. ಪೆನ್ನು ತೆಗೆದು ಪಟ್ಟಿಯ ಕೆಳಗೆ "ಹುತ್ತದ ಮಣ್ಣು, ಒಂದು ಹಿಡಿ" ಎಂದು ಬರೆದು ನಿಂತರು.

"ಹಿಡಿ ಅಂದ್ರೆ ಎಷ್ಟು? ಯಾರ ಹಿಡಿ?" ಎಂದರು.

ಕರಡಿಯಣ್ಣ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ. ಅವನ ಕೈ ನೋಡಿ ಎಲ್ಲರಿಗೂ ನಗು ಬಂತು. ಅವನ ಒಂದು ಹಿಡಿ ಎಂದರೆ ಹುತ್ತವೇ ಖಾಲಿ. ವಾರಗಿತ್ತಿ ಡಬ್ಬಿಗೆ ಕೈ ಹಾಕಿ ತನ್ನ ಹಿಡಿಯನ್ನು ತಕ್ಕಡಿಯ ಮೇಲೆ ಸುರಿದಳು. ಮೂವತ್ತೆಂಟು ಗ್ರಾಂ. ಇನ್ನೊಂದು ಸಲ ಹಾಕಿಸಿದರು. ಮೂವತ್ತೆಂಟೇ.

ಭಾನುವಾರ ಹನ್ನೊಂದಕ್ಕೆ ಕೊನೆಯ ಪರೀಕ್ಷೆ. ಕರಡಿಯಣ್ಣ ತಾನೇ ಕಲಸಿದ, ಮೂವತ್ತೆಂಟು ಗ್ರಾಂ ಮಣ್ಣು ಸೇರಿಸಿದ, ತಾನೇ ಒಳಗೆ ಹೋಗಿ ಕೂತ. ನಾನು ಒಳಗಿದ್ದರೆ ಲೆಕ್ಕ ತಪ್ಪುತ್ತದೆ ಎಂದು ಡಾಕ್ಟರಮ್ಮ ನನ್ನನ್ನು ಗಾಜಿನ ಹೊರಗೆ ನಿಲ್ಲಿಸಿದರು. ಇಪ್ಪತ್ತಾರು ವರ್ಷದಲ್ಲಿ ಟಿಕೆಟು ತೆಗೆದುಕೊಂಡು ಬಂದವರ ಹಾಗೆ ಹೊರಗೆ ನಿಂತದ್ದು ಅದೇ ಮೊದಲು. ಪೆಟ್ಟಿಗೆ ಇನ್ನೂ ಓಣಿಯಲ್ಲೇ ಇತ್ತು, ಮುಚ್ಚಳ ತೆಗೆದಿಟ್ಟಿದ್ದರು. ತಿನ್ನದಿದ್ದರೆ ನಾಳೆ ಬೆಳಿಗ್ಗೆ ಅದರೊಳಗೆ.

ದೊರೆಸಾನಿ ಬಂದಳು, ಮೂಸಿದಳು, ನಿಂತಳು. ಅವಳು ಇನ್ನೊಂದು ಸಲ ಮೂಸಿದಳು. ಆಮೇಲೆ ಕರಡಿಯಣ್ಣನ ದಪ್ಪ ಕೈಗಳ ನಡುವೆ ತಲೆ ತೂರಿಸಿ ತಿನ್ನತೊಡಗಿದಳು. ಆ ದೊಡ್ಡ ಮನುಷ್ಯ ಹೆಗಲಿಗೆ ಮುಖ ಒರೆಸಿಕೊಳ್ಳುತ್ತಿದ್ದ. ಡಾಕ್ಟರಮ್ಮ ಸೋಮವಾರದ ಕಾಗದವನ್ನು ನಾಲ್ಕಾಗಿ ಹರಿದು, "ಮಂಗಳವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗ್ತೀರಿ ತಾನೇ?" ಎಂದರು. "ಹೋಗ್ತೀನಿ" ಎಂದೆ.

ನನಗೆ ಸಂತೋಷವಾಯಿತು. ಹೊಟ್ಟೆಯೂ ಉರಿಯಿತು. ಎರಡೂ ಒಟ್ಟಿಗೇ ಆಯಿತು, ಯಾವುದು ಹೆಚ್ಚು ಎಂದು ಕೇಳಿದರೆ ಅವತ್ತಿನ ಮಟ್ಟಿಗೆ ಹೇಳಲಾರೆ. ಅವಳು ಒಮ್ಮೆಯಾದರೂ ನನ್ನ ಕಡೆ ಮೂಗು ತಿರುಗಿಸುತ್ತಾಳೇನೋ ಎಂದು ಕಾದೆ. ತಿರುಗಿಸಲಿಲ್ಲ.

ವಾರಗಿತ್ತಿ ನನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ, ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು.

"ಅಕ್ಕ, ಬೇಜಾರಾಯ್ತಾ?"

"ಆಯ್ತು ಕಣೇ" ಎಂದೆ. "ನಿನಗೆ?"

ಅವಳು ನನ್ನ ಭುಜದ ಪಕ್ಕದಿಂದ ಕತ್ತು ಚಾಚಿ ಒಳಗೆ ನೋಡುತ್ತಿದ್ದಳು. ನಾಲ್ಕು ಸಾವಿರ ಸಲ ಊಟ ಕಲಸಿದವಳು. ಅದನ್ನು ದೊರೆಸಾನಿ ತಿನ್ನುವುದನ್ನು ಕಣ್ಣಾರೆ ಕಂಡದ್ದು ನಿನ್ನೆ ಒಂದು ದಿನ, ಅದೂ ಹೆದರುತ್ತಾ. ಇಷ್ಟು ವರ್ಷದಲ್ಲಿ, ಬಾ, ನೋಡು ಎಂದು ಗಾಜಿನ ಹೊರಗಿನಿಂದಲಾದರೂ ತೋರಿಸಬೇಕೆಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

"ಮುಂದೆ ಬಾ, ಇಲ್ಲಿಂದ ನಾಲಗೆ ಚೆನ್ನಾಗಿ ಕಾಣುತ್ತೆ" ಎಂದು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟೆ.